ಸುಣ್ಣದ ಬಂಡೆಯ ಬುಡದಲ್ಲಿ ತೀರ್ಥಮ್ಮ ಬಾಯಿಬಿಟ್ಟದ್ದು

ಪರದೆಯ ಮೇಲೆ ಬೆಂಕಿಯ ಉಂಡೆಯೊಂದು ಸಮುದ್ರಕ್ಕೆ ಬಂದು ಬಡಿಯಿತು. ಕೋಣೆಯ ನೆಲ ಗಡಗಡ ನಡುಗಿತು. ಮರುಗಳಿಗೆಯಲ್ಲೇ ಹಿರೇನಲ್ಲೂರಿನ ತೀರ್ಥಮ್ಮ ಪಕ್ಕದಲ್ಲಿದ್ದ ತನುಜಾಳ ಕುತ್ತಿಗೆಗೆ ಕೈಹಾಕಿ ಅವಳನ್ನು ನೆಲಕ್ಕೆ ಕೆಡವಿ, ಮೇಲೆ ತಾನು ಬೋರಲು ಬಿದ್ದು, "ತಲೆ ಎತ್ಬೇಡ್ರೇ! ಕಲ್ಲು ಬತ್ತಾವೆ!" ಎಂದು ಕಿರುಚಿದಳು.

ಕಲ್ಲು ಬರಲಿಲ್ಲ. ಅದು ಡೆನ್ಮಾರ್ಕ್ ದೇಶದ ಕಡಲತೀರದ ಒಂದು ವಸ್ತುಸಂಗ್ರಹಾಲಯ. ಆರೂವರೆ ಕೋಟಿ ವರ್ಷಗಳ ಹಿಂದೆ ಆಕಾಶದಿಂದ ಬಿದ್ದ ಕಲ್ಲೊಂದು ಭೂಮಿಯ ಮುಕ್ಕಾಲು ಪಾಲು ಜೀವಜಾತಿಗಳನ್ನು ಅಳಿಸಿ ಹಾಕಿದ ಕಥೆಯನ್ನು ಅಲ್ಲಿ ಸದ್ದು, ಬೆಳಕು, ನಡುಗುವ ನೆಲ ಎಲ್ಲವನ್ನೂ ಕೂಡಿಸಿ ತೋರಿಸುತ್ತಿದ್ದರು. ಕೇಕೆ ಹಾಕುತ್ತಾ ನೋಡುತ್ತಿದ್ದ ಆ ದೇಶದ ಶಾಲಾಮಕ್ಕಳು ಈ ಹೆಂಗಸರನ್ನು ಕಂಡು ಗಪ್ಪಾದರು. ತನುಜಾಳ ಕೆಳತುಟಿ ಹಲ್ಲಿಗೆ ಸಿಕ್ಕಿ ಸೀಳಿತ್ತು. ಗದ್ದದ ಮೇಲೆ ರಕ್ತ ಇಳಿಯುತ್ತಿತ್ತು.

ಹಿರೇನಲ್ಲೂರಿನ ಮಹಿಳಾ ವೀರಗಾಸೆ ತಂಡದ ಎಂಟು ಮಂದಿ ಅಲ್ಲಿಗೆ ಬಂದದ್ದು ಜನಪದ ಕುಣಿತದ ಹಬ್ಬವೊಂದಕ್ಕೆ. ಎರಡು ಸಾವಿರದ ಇಪ್ಪತ್ತನಾಲ್ಕರ ಆಗಸ್ಟಿನಲ್ಲಿ. ವಿಮಾನದಲ್ಲಿ ಕಬ್ಬಿಣ ಬಿಡುವುದಿಲ್ಲವೆಂದು ಮರದ ಕತ್ತಿಗಳನ್ನು ಮಾಡಿಸಿಕೊಂಡು ಬಂದಿದ್ದರು. ಕಡೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಹೇಳಿಕೊಡುವ ತನುಜಾ ಕುಣಿತದ ನಡುವೆ ವೀರಭದ್ರನನ್ನು ಹೊಗಳುವ ಒಡಪು ಹೇಳುವವಳು, ಪರದೇಶದಲ್ಲಿ ಎಲ್ಲರ ಬಾಯಿಯೂ ಅವಳೇ. ನಲವತ್ತಾರರ ತೀರ್ಥಮ್ಮ ಎದುರು ಸಾಲಿನಲ್ಲಿ ಕುಣಿಯುವವಳು. ದಕ್ಷನ ತಲೆ ಹಾರಿಸುವ ಹೆಜ್ಜೆ ಬಂದಾಗ ಅವಳ ಕಣ್ಣನ್ನು ನೋಡಿ ಮಕ್ಕಳು ಅತ್ತದ್ದುಂಟು. ಕುಣಿತವಿಲ್ಲದ ಆ ಒಂದು ದಿನ ಹಬ್ಬದವರೇ ಎಲ್ಲರನ್ನೂ ವ್ಯಾನಿನಲ್ಲಿ ಕೂರಿಸಿಕೊಂಡು ಇಲ್ಲಿಗೆ ಕರೆತಂದಿದ್ದರು.

"ಏನಾಯ್ತು ತೀರ್ಥಕ್ಕ?" ತನುಜಾ ತುಟಿಗೆ ಸೆರಗು ಒತ್ತಿ ಹಿಡಿದು ಕೇಳಿದಳು.

"ಮದ್ದು ಹಾರ್ತು ಅನ್ಕೊಂಡೆ ಕಣೇ." ತೀರ್ಥಮ್ಮನ ಎರಡೂ ಕೈ ನಡುಗುತ್ತಿದ್ದವು.

ಅಲ್ಲಿನ ವಿವರಣೆಗಾರ್ತಿ, ಬೆಳ್ಳನೆಯ ಕೂದಲನ್ನು ಗಿಡ್ಡಗೆ ಕತ್ತರಿಸಿಕೊಂಡ ಎತ್ತರದ ಹೆಂಗಸು, ಇಬ್ಬರನ್ನೂ ಹೊರಗೆ ಕರೆದೊಯ್ದು ನೀರು ಕೊಟ್ಟಳು. ತುಟಿಗೆ ಹತ್ತಿ ಇಟ್ಟಳು. ಗಾಳಿ ತಗುಲಿದರೆ ಸರಿಹೋಗುತ್ತದೆ ಎಂದು ತಾನೇ ಮುಂದಾಗಿ ಮೆಟ್ಟಿಲು ಇಳಿಸಿ ಕಡಲ ಅಂಚಿಗೆ ಕರೆತಂದಳು. ಉಳಿದ ಆರು ಮಂದಿ ಮೇಲೆಯೇ ಉಳಿದರು.

ಕೆಳಗೆ ಬಂದು ತಿರುಗಿ ನೋಡಿದ ತೀರ್ಥಮ್ಮ ನಿಂತಲ್ಲೇ ನಿಂತಳು. ಕಣ್ಣು ಹಾಯುವಷ್ಟು ದೂರ ಬೆಳ್ಳನೆಯ ಗೋಡೆ. ಹತ್ತಾಳೆತ್ತರಕ್ಕೂ ಮಿಗಿಲು. ಒಂದು ಚೂರು ಎತ್ತಿಕೊಂಡು ಬೆರಳಲ್ಲಿ ಉಜ್ಜಿದಳು, ನಾಲಿಗೆಗೆ ತಾಗಿಸಿದಳು.

"ಸುಣ್ಣ ಕಣೇ ತನುಜಾ. ಸುಡದೇ ಇರೋ ಸುಣ್ಣ. ಎಲೆಗೆ ಹಚ್ಚಿದ್ರೆ ಬಾಯಿ ಕೆಂಪಾಗಲ್ಲ."

ತನುಜಾ ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಆ ಹೆಂಗಸು ನಕ್ಕು ಹೌದೆಂದಳು. ಇದೆಲ್ಲವೂ ಒಂದು ಕಾಲದ ಸಮುದ್ರದಲ್ಲಿ ಬದುಕಿದ್ದ, ಕಣ್ಣಿಗೂ ಕಾಣದ ಜೀವಿಗಳ ಚಿಪ್ಪಿನ ಪುಡಿ ಎಂದಳು. ಆಮೇಲೆ ಗೋಡೆಯ ಮೇಲ್ಭಾಗಕ್ಕೆ ಕೈ ತೋರಿಸಿದಳು. ಬಿಳಿಯ ನಡುವೆ ಕಪ್ಪು ಮಣ್ಣಿನ ಒಂದು ಪಟ್ಟಿ. ಒಂದೆಡೆ ಅದು ಕೈಗೆಟಕುವಷ್ಟು ಕೆಳಗೆ ಬಾಗಿತ್ತು. ಎರಡು ಬೆರಳಿನ ದಪ್ಪವೂ ಇರಲಿಲ್ಲ.

"ಆ ಕಲ್ಲು ಬಿದ್ದ ಗುರುತು ಅದೇ ಅಂತೆ ಅಕ್ಕ," ಎಂದಳು ತನುಜಾ. "ಕಡೂರಿಂದ ಬೀರೂರು ದಾಟಿ ಹೋಗೋವಷ್ಟು ಅಗಲದ ಕಲ್ಲು. ಅದರ ಬೂದಿ ಇಡೀ ಭೂಮಿ ಮೇಲೆ ಬಿತ್ತು. ಪಟ್ಟಿಯಿಂದ ಕೆಳಗಿರೋದು ಸಾಯೋಕ್ಕಿಂತ ಮುಂಚಿನವು. ಮೇಲಿರೋದು ಉಳ್ಕೊಂಡವು."

ತೀರ್ಥಮ್ಮ ಆ ಪಟ್ಟಿಯ ಮೇಲೆ ಬೆರಳಿಟ್ಟಳು. ತಣ್ಣಗಿತ್ತು, ಮೆತ್ತಗಿತ್ತು. ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

"ಎಲ್ಲಾ ಆಗಿಂದಾಗ್ಲೇ ಸತ್ತೋದ್ವಾ ಕೇಳು."

ಇಲ್ಲವಂತೆ. ಹತ್ತಿರವಿದ್ದವು ಸುಟ್ಟು ಹೋದವು. ದೂರವಿದ್ದವು ಕತ್ತಲೆಯಲ್ಲಿ, ಚಳಿಯಲ್ಲಿ, ಹಸಿದು ಹಸಿದು ಸತ್ತವು. ಬೇಗ ಸತ್ತವೇ ಪುಣ್ಯ ಮಾಡಿದ್ದವು ಎಂದಳು ಆ ಹೆಂಗಸು.

ತೀರ್ಥಮ್ಮ ಪಟ್ಟಿಯಿಂದ ಬೆರಳು ತೆಗೆದಳು. ಮರಳ ಮೇಲಿನ ಉರುಟು ಕಲ್ಲುಗಳ ಮೇಲೆ ಕುಸಿದು ಕೂತಳು. "ತನುಜಾ, ನಾನೊಂದು ಸುಳ್ಳು ಹೇಳಿದೀನಿ ಕಣೇ. ನನ್ನ ಗಂಡ ಬೈಕಿಂದ ಬಿದ್ದು ಸಾಯ್ಲಿಲ್ಲ. ಅವನು ಕುಡೀತಾನೇ ಇರಲಿಲ್ಲ," ಎಂದಳು. ಹನ್ನೊಂದು ವರ್ಷ ಯಾರಿಗೂ ಹೇಳದಿದ್ದುದನ್ನು ಆ ಬಿಳಿ ಗೋಡೆಯ ಬುಡದಲ್ಲಿ ಕೂತು ಹೇಳಿದಳು.

ಅವಳು ಹೇಳಿದ್ದು ಇದು. ಎರಡು ಸಾವಿರದ ಹದಿಮೂರರಲ್ಲಿ ಅವಳೂ ಗಂಡ ಓಂಕಾರೇಶನೂ ಅಜ್ಜಂಪುರದ ಆಚೆಯ ಒಂದು ಕಲ್ಲು ಕ್ವಾರಿಯಲ್ಲಿ ದುಡಿಯುತ್ತಿದ್ದರು. ಅವಳು ಸುತ್ತಿಗೆ ಹಿಡಿದು ಸೈಜುಗಲ್ಲು ಒಡೆಯುವವಳು, ಅವನು ಕುಳಿಗಳಿಗೆ ಮದ್ದು ತುಂಬುವವನು. ಬಂಡೆಗೆ ಡ್ರಿಲ್ ಹಾಕಿ ಕುಳಿ ಕೊರೆಯುವ ಕೆಲಸಕ್ಕೆ ಒಡಿಶಾದಿಂದ ಬಂದ ಇಬ್ಬರಿದ್ದರು, ಬುಧು ಮತ್ತು ಸುಕ್ರ. ಇಬ್ಬರಿಗೂ ಇಪ್ಪತ್ತೈದರ ಆಸುಪಾಸು. ಕನ್ನಡದಲ್ಲಿ ಅವರು ಮೊದಲು ಕಲಿತ ಮಾತು 'ಅಕ್ಕ'. ಎರಡನೆಯದು 'ಸಾರು'. ಮಧ್ಯಾಹ್ನ ಅವಳ ಬುತ್ತಿಯಿಂದ ಸಾರು ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಬುಧುವಿನ ಬಲಗೈಯಲ್ಲಿ ಉಕ್ಕಿನ ಕಡಗವಿರುತ್ತಿತ್ತು.

ಆ ದಿನ ಬೆಳಗ್ಗೆ ಹತ್ತು ಕುಳಿ ಸಿಡಿಸಿದ್ದರು. ಓಂಕಾರೇಶ ಎಣಿಸಿದ, ಒಂಬತ್ತೇ ಸದ್ದು. ಒಂದು ಕುಳಿಯ ಮದ್ದು ಬಂಡೆಯೊಳಗೇ ಉಳಿದಿತ್ತು. ಇವತ್ತು ಆ ಕಡೆ ಯಾರೂ ಹೋಗಬಾರದು ಎಂದು ಅವನು ಕಲ್ಲಿಟ್ಟು ಗುರುತು ಮಾಡಿದ. ಕ್ವಾರಿಯ ಮೇಸ್ತ್ರಿ ಹೊನ್ನೇಶ ಬಂದು ಆ ಕಲ್ಲುಗಳನ್ನು ಕಾಲಲ್ಲಿ ಒದ್ದ.

"ಆರು ಲಾರಿ ನಿಂತವೆ. ಮದ್ದು ನೆನೆದು ಸತ್ತೋಗಿರ್ತದೆ, ನೀನೇನು ಅದರ ಅಪ್ಪನಾ?"

"ಬೇಡ ಕಣಣ್ಣ. ಒಂದು ದಿನ ತಡಿ. ಮದ್ದು ಸಿಡಿಸೋ ಕೇಪು ಒಳಗೆ ಹಂಗೇ ಐತೆ."

ಹೊನ್ನೇಶ ವಾದ ಮಾಡಲಿಲ್ಲ. ಮೇಲಿನ ಶೆಡ್ಡಿನಿಂದ ಹಗ್ಗ ತಾ ಎಂದು ಓಂಕಾರೇಶನನ್ನು ಕಳಿಸಿ, ಅವನು ಕಣ್ಮರೆಯಾಗುತ್ತಲೇ ಬುಧು, ಸುಕ್ರರಿಗೆ ಆ ಕುಳಿಯ ಪಕ್ಕದಲ್ಲೇ ಡ್ರಿಲ್ ಹಚ್ಚಲು ಕೈಸನ್ನೆ ಮಾಡಿದ. ಡ್ರಿಲ್ಲಿನ ಸದ್ದು ಕೇಳಿ ಓಂಕಾರೇಶ ಹಗ್ಗ ಬಿಸಾಕಿ ಇಳಿಜಾರಿನಲ್ಲಿ ಓಡಿ ಬಂದ. ಎರಡೂ ಕೈ ಬೀಸುತ್ತಾ ಅವರ ಕಡೆಗೆ ಓಡುತ್ತಿದ್ದುದನ್ನು ತೀರ್ಥಮ್ಮ ಸುತ್ತಿಗೆ ಎತ್ತಿ ಹಿಡಿದವಳು ಹಾಗೆಯೇ ನೋಡಿದಳು. ಇನ್ನೂ ಇಪ್ಪತ್ತು ಮಾರು ದೂರವಿತ್ತು. ಬಂಡೆ ಹಾರಿತು.

ಮೊದಲು ಬೆಳಕು, ಆಮೇಲೆ ಎದೆಗೆ ಗುದ್ದಿದಂತೆ ಸದ್ದು, ಆಮೇಲೆ ಕಲ್ಲಿನ ಮಳೆ. ಧೂಳು ಇಳಿಯುವ ಮೊದಲೇ ಅವಳು ಕೆಳಗೆ ಧುಮುಕಿದ್ದಳು. ಓಂಕಾರೇಶ ಅಂಗಾತ ಬಿದ್ದಿದ್ದ. ಎದೆಯ ಎಡಭಾಗ ತೆರೆದುಕೊಂಡಿತ್ತು, ಉಸಿರಾಡಿದಾಗಲೆಲ್ಲ ಅಲ್ಲಿಂದ ನೊರೆ ಬರುತ್ತಿತ್ತು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈಯಿಂದ ಆ ತೂತನ್ನು ಒತ್ತಿ ಹಿಡಿದಳು. ಬಿಸಿ ರಕ್ತ ಬೆರಳ ಸಂದಿಯಿಂದ ಚಿಮ್ಮುತ್ತಲೇ ಇತ್ತು. ನಾಲ್ಕೈದು ಉಸಿರಿಗೆ ಅವನ ಜೀವ ಹೋಯಿತು.

ಆಗಲೇ ಅವಳಿಗೆ ಆ ಕೈ ಕಂಡದ್ದು. ಕುಸಿದ ಬಂಡೆಗಳ ಸಂದಿಯಿಂದ ಮೊಣಕೈವರೆಗೆ ಹೊರಬಂದಿದ್ದ ಬಲಗೈ. ಮಣಿಕಟ್ಟಿನಲ್ಲಿ ಕಡಗ. ಬೆರಳುಗಳು ಗಾಳಿಯನ್ನು ಹಿಡಿಯುವಂತೆ ಮಡಚಿ ಬಿಚ್ಚುತ್ತಿದ್ದವು. ಒಳಗಿನಿಂದ ಸದ್ದೂ ಬರುತ್ತಿತ್ತು. ನರಳಾಟವೋ, ಕಲ್ಲು ಜಾರುವ ಸದ್ದೋ, ಅವಳಿಗೆ ಎಂದೂ ಇತ್ಯರ್ಥವಾಗಲಿಲ್ಲ.

"ಜೀವ ಐತೆ! ಕಲ್ಲು ಎತ್ರೋ!" ಎಂದು ಕೂಗಿ ಹೊನ್ನೇಶನ ಅಂಗಿ ಹಿಡಿದು ಎಳೆದಳು. ಅವನು ಹಾರೆಯ ಹಿಂಬದಿಯಿಂದ ಅವಳ ಭುಜಕ್ಕೆ ಹೊಡೆದ. ಕೊರಳೆಲುಬು ಕಟಕ್ಕನೆ ಮುರಿದದ್ದು ಅವಳ ಕಿವಿಗೇ ಕೇಳಿಸಿತು. ಬಿದ್ದಲ್ಲಿಂದಲೇ ನೋಡಿದಳು: ಜೆಸಿಬಿ ಬಂದು ಕಲ್ಲುಪುಡಿಯನ್ನು ತಂದು ಸುರಿಯಿತು. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ಕೈ ಕಾಣಲಿಲ್ಲ.

ಓಂಕಾರೇಶನ ಹೆಣದ ಮೇಲೆ ಹೊನ್ನೇಶ ಒಂದು ಬಾಟಲಿ ಬ್ರಾಂದಿ ಸುರಿದ. ಸತ್ತವನ ಬೈಕನ್ನು ಅವಳ ಎದುರಿಗೇ ಸುತ್ತಿಗೆಯಿಂದ ಜಜ್ಜಿಸಿ, ಹೆಣದ ಜೊತೆ ತರೀಕೆರೆ ರಸ್ತೆಯ ತಿರುವಿಗೆ ಸಾಗಿಸಿದ. ಆಮೇಲೆ ಅವಳ ಹತ್ತಿರ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಹೇಳಿದ:

"ನಿನ್ನ ಮಗಳನ್ನ ಸ್ಕೂಲಿಂದ ಕರ್ಕಂಡು ಬಂದವ್ರೆ ಕಣಮ್ಮ. ಆಫೀಸಲ್ಲಿ ಬಿಸ್ಕತ್ತು ತಿಂತಾ ಕೂತವ್ಳೆ. ಆಸ್ಪತ್ರೇಲಿ ಏನು ಹೇಳ್ಬೇಕು ಅಂತ ಯೋಚ್ನೆ ಮಾಡು. ಕುಡಿದು ಬಿದ್ದ ಅಂದ್ರೆ ಸಾಕು. ಒಡಿಶಾದವ್ರು ಊರಿಗೆ ಹೋದ್ರು ಅಂದ್ರೆ ಸಾಕು."

ಮಗಳು ಸ್ಫೂರ್ತಿಗೆ ಆಗ ಒಂಬತ್ತು ವರ್ಷ. ತೀರ್ಥಮ್ಮ ಅವನು ಹೇಳಿದ್ದನ್ನೇ ಹೇಳಿದಳು, ಬರೆದುಕೊಟ್ಟಳು, ಸಹಿ ಹಾಕಿದಳು. ಮಗಳನ್ನು ಎತ್ತಿಕೊಂಡು ತವರಿಗೆ, ಹಿರೇನಲ್ಲೂರಿಗೆ ಬಂದಳು. ಎರಡು ವರ್ಷ ಅವಳ ಕೈ ನಡುಕ ನಿಲ್ಲಲಿಲ್ಲ. ರೊಟ್ಟಿ ತಟ್ಟಲಾಗುತ್ತಿರಲಿಲ್ಲ, ಸೂಜಿಗೆ ದಾರ ಪೋಣಿಸಲಾಗುತ್ತಿರಲಿಲ್ಲ. ಊರ ಮಠದಲ್ಲಿ ಹೆಂಗಸರಿಗೂ ವೀರಗಾಸೆ ಕಲಿಸುತ್ತಾರೆಂದು ಯಾರೋ ಎಳೆದುಕೊಂಡು ಹೋದರು. ಎದೆಗೆ ವೀರಭದ್ರನ ಹಲಗೆ ಕಟ್ಟಿ ಕೈಗೆ ಕತ್ತಿ ಕೊಟ್ಟ ದಿನ ನಡುಕ ನಿಂತಿತು. ಕತ್ತಿ ಕೆಳಗಿಟ್ಟರೆ ಮತ್ತೆ ಬರುತ್ತಿತ್ತು. ಹಾಗಾಗಿ ಅವಳು ಕುಣಿತ ಬಿಡಲಿಲ್ಲ.

ಕಡಲ ಅಂಚಿನಲ್ಲಿ ತನುಜಾ ಇದನ್ನೆಲ್ಲ ಕೇಳಿ ತುಟಿಯ ಹತ್ತಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಳು. ಆ ಪರದೇಶದ ಹೆಂಗಸಿಗೆ ಒಂದು ಮಾತೂ ಅರ್ಥವಾಗಿರಲಿಲ್ಲ, ಆದರೂ ಅವಳು ಪಕ್ಕದಲ್ಲಿ ಕೂತು ತೀರ್ಥಮ್ಮನ ಬೆನ್ನ ಮೇಲೆ ಕೈಯಿಟ್ಟಿದ್ದಳು.

"ಸ್ಫೂರ್ತಿಗೆ ಗೊತ್ತಾ ಅಕ್ಕ?"

"ಕುಡುಕನ ಮಗಳು ಅನ್ನಿಸ್ಕೊಂಡು ಬೆಳೆದ್ಲು. ಅವ್ನ ಫೋಟೋ ಹರಿದು ಒಲೆಗೆ ಹಾಕಿದ್ಲು. ನಾನು ನೋಡ್ತಾ ನಿಂತಿದ್ದೆ."

"ಮತ್ತೆ ಈಗ ಯಾಕೆ ಹೇಳಿದ್ರಿ?"

ತೀರ್ಥಮ್ಮ ಗೋಡೆಯ ಕಡೆ ನೋಡಿದಳು. "ಈ ಜನ ಕಣ್ಣಿಗೆ ಕಾಣದ ಹುಳಕ್ಕೂ ಲೆಕ್ಕ ಇಟ್ಟವ್ರಲ್ಲೇ. ನನಗೆ ಆ ಇಬ್ಬರ ಹೆಸರು ಗೊತ್ತು. ಎಲ್ಲಿ ಬಿದ್ದವ್ರೆ ಅಂತ ಗೊತ್ತು. ಹೆತ್ತೋರು ಎಲ್ಲೋ ಇನ್ನೂ ದಾರಿ ನೋಡ್ತಿರ್ತಾರೆ."

ಊರಿಗೆ ಬಂದ ಮೂರನೆಯ ದಿನ ತೀರ್ಥಮ್ಮ ತರೀಕೆರೆಗೆ ಹೋದಳು. ಸ್ಫೂರ್ತಿ ಅಲ್ಲಿ ನರ್ಸಿಂಗ್ ಓದುತ್ತಿದ್ದಳು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ, ಅಡಿಕೆ ಮೂಟೆಗಳ ಪಕ್ಕದಲ್ಲಿ ಕೂತು ಒಂದನ್ನೂ ಬಿಡದೆ ಹೇಳಿದಳು. ಸ್ಫೂರ್ತಿ ಕೊನೆಯವರೆಗೂ ಕೇಳಿದಳು. ಆಮೇಲೆ ಎದ್ದು ನಿಂತು, ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡುವಂತೆ ತಾಯಿಯ ಕೆನ್ನೆಗೆ ಬಾರಿಸಿದಳು. ಇನ್ನೊಮ್ಮೆ ಬಾರಿಸಿದಳು.

"ಹನ್ನೊಂದು ವರ್ಷ ಅಮ್ಮ! ನಾನು ಅಪ್ಪನ್ನ ಹನ್ನೊಂದು ವರ್ಷ ಬೈದಿದೀನಿ!"

ಯಾರೋ ಮುದುಕ ಅಡ್ಡ ಬಂದ. ತೀರ್ಥಮ್ಮ ಅವನನ್ನು ಕೈಯಿಂದ ಪಕ್ಕಕ್ಕೆ ಸರಿಸಿದಳು. "ಬಿಡಿ ಸ್ವಾಮಿ. ಇನ್ನೂ ಹೊಡೀಲಿ." ಸ್ಫೂರ್ತಿ ಹೊಡೆಯಲಿಲ್ಲ. ಬೆಂಚಿನ ಮೇಲೆ ಕುಸಿದು, ಹೊಡೆದ ಕೈಯನ್ನೇ ಕಚ್ಚಿಕೊಂಡು ಅತ್ತಳು. ಅಳು ನಿಂತ ಮೇಲೆ ಮುಖ ತೊಳೆದು ಬಂದು, "ನಡಿ, ಸ್ಟೇಷನ್ನಿಗೆ," ಎಂದಳು.

ಪೊಲೀಸರು ಮೊದಲ ದಿನ ದೂರು ತೆಗೆದುಕೊಳ್ಳಲಿಲ್ಲ. ಆಗ ಸುಳ್ಳು ಹೇಳಿದವಳು ಈಗ ನಿಜ ಹೇಳುತ್ತಾಳೆ ಎನ್ನುವುದಕ್ಕೆ ಏನು ಗ್ಯಾರಂಟಿ ಎಂದರು. ತನುಜಾ ಅರ್ಜಿ ಬರೆದು ಜಿಲ್ಲೆಯ ಮೇಲಿನವರಿಗೆಲ್ಲ ಕಳಿಸಿದಳು. ಹೊನ್ನೇಶನ ಕಿವಿಗೆ ಸುದ್ದಿ ಬೀಳಲು ಒಂದು ವಾರ ಸಾಕಾಯಿತು. ಅವನೀಗ ಮೇಸ್ತ್ರಿಯಲ್ಲ, ಎರಡು ಟಿಪ್ಪರುಗಳ ಮಾಲೀಕ. ಒಂದು ಬೆಳಗ್ಗೆ ತೀರ್ಥಮ್ಮ ಅಂಗಳದಲ್ಲಿ ರಾಗಿ ಹರವುತ್ತಿದ್ದಾಗ ಇಬ್ಬರು ಆಳುಗಳ ಜೊತೆ ಬಂದು ಇಳಿದ.

"ನಿನ್ನ ಗಂಡ ಒಂದು ಸಲ ಸತ್ತವ್ನೆ ಕಣಮ್ಮ. ಮತ್ತೆ ಯಾಕೆ ಸಾಯಿಸ್ತೀಯ?" ಎಂದ. ಅವಳು ರಾಗಿ ಹರವುತ್ತಲೇ ಇದ್ದಳು. ಅವನು ಅವಳ ತುರುಬು ಹಿಡಿದು ಹಿಂದಕ್ಕೆಳೆದು ಮುಖವನ್ನು ಮನೆಯ ಕಂಬಕ್ಕೆ ಬಡಿದ. ಮೂಗು ಒಡೆಯಿತು. ಎರಡನೆಯ ಸಲ ಬಡಿದಾಗ ಅವಳ ಕೈಗೆ ಕಂಬದ ಮೊಳೆಗೆ ನೇತುಹಾಕಿದ್ದ ಕುಣಿತದ ಕತ್ತಿ ಸಿಕ್ಕಿತು. ಇದು ಮರದ್ದಲ್ಲ, ಮನೆಯಲ್ಲಿ ಬಿಟ್ಟು ಹೋಗಿದ್ದ ಕಬ್ಬಿಣದ್ದು. ಅದಕ್ಕೆ ಹರಿತವಿರಲಿಲ್ಲ, ತೂಕವಿತ್ತು. ಒಂಬತ್ತು ವರ್ಷ ದಿನಾ ಬೀಸಿದ ತೋಳು ಅದನ್ನು ಬೀಸಿತು. ಹೊನ್ನೇಶನ ಮುಂಗೈ ಮೂಳೆ ಮುರಿದು ಚರ್ಮದಡಿ ಎದ್ದು ನಿಂತಿತು. ಅವನು ರಾಗಿಯ ಮೇಲೆ ಬಿದ್ದು ಅರಚಿದ. ಅವಳು ಮತ್ತೊಮ್ಮೆ ಕತ್ತಿ ಎತ್ತಿದಳು. ಈ ಸಲ ತಲೆಗೆ ಗುರಿಯಿಟ್ಟಿದ್ದಳು. ಅರಚಾಟ ಕೇಳಿ ಓಡಿ ಬಂದಿದ್ದ ತಂಡದ ಹೆಂಗಸರಲ್ಲಿ ಹಿರಿಯಳಾದ ಅಂಜಿನಮ್ಮ ಹಿಂದಿನಿಂದ ಅವಳ ಸೊಂಟವನ್ನು ತಬ್ಬಿ ಹಿಡಿದಳು.

"ಬ್ಯಾಡ ತೀರ್ಥಿ, ಬ್ಯಾಡ. ಇವ್ನು ಬದುಕಿರ್ಬೇಕು. ಜಾಗ ತೋರಿಸ್ಬೇಕು."

ಕತ್ತಿ ಕೆಳಗಿಳಿಯಲು ಹೊತ್ತು ಹಿಡಿಯಿತು. ಆಳುಗಳಿಬ್ಬರೂ ಅಷ್ಟರಲ್ಲಿ ಕಾಲ್ಕಿತ್ತಿದ್ದರು.

ಆ ಗಲಾಟೆಯಿಂದಲೇ ದೂರು ದಾಖಲಾಯಿತು. ತೀರ್ಥಮ್ಮನ ಮೇಲೂ ಒಂದು ಕೇಸು ಬಿತ್ತು. ಜನವರಿಯಲ್ಲಿ ತಹಶೀಲ್ದಾರರ ಎದುರಿಗೆ, ಪಾಳು ಬಿದ್ದಿದ್ದ ಆ ಕ್ವಾರಿಯ ನೀರನ್ನು ಪಂಪಿನಿಂದ ಖಾಲಿ ಮಾಡಿಸಿ ಅಗೆಸಿದರು. ಹೊನ್ನೇಶ ಬಾಯಿ ಬಿಡಲಿಲ್ಲ. ಜಾಗ ತೋರಿಸಿದವಳು ತೀರ್ಥಮ್ಮನೇ. ಎರಡು ದಿನ ಬರೀ ಕಲ್ಲುಪುಡಿ ಬಂತು. ನೋಡಲು ಬಂದವರು ನಗತೊಡಗಿದ್ದರು. ಮೂರನೆಯ ದಿನ ಮಧ್ಯಾಹ್ನ ತುಕ್ಕು ಹಿಡಿದ ಡ್ರಿಲ್ ರಾಡು ಬಂತು. ಅದರ ಕೆಳಗೆ ಒಂದು ತಲೆಬುರುಡೆ, ಒಂದು ಅಡಿ ಆಚೆಗೆ ಮೇಲಕ್ಕೆ ಚಾಚಿದ್ದ ತೋಳಿನ ಮೂಳೆ. ಕಡಗ ಜಾರಿ ಮೊಣಕೈ ಕೀಲಿನ ಹತ್ತಿರ ಸಿಕ್ಕಿಕೊಂಡಿತ್ತು. ಸ್ಫೂರ್ತಿ ತಾಯಿಯ ಕಣ್ಣು ಮುಚ್ಚಲು ಬಂದಳು. ತೀರ್ಥಮ್ಮ ಮಗಳ ಕೈಯನ್ನು ಸರಿಸಿ, ಪಕ್ಕದಲ್ಲಿ ಸುಕ್ರನ ಮೂಳೆಗಳೂ ಸಿಕ್ಕಿ ಮುಗಿಯುವವರೆಗೆ ನೋಡಿದಳು.

ಪೊಲೀಸರು ಹುಡುಕಿಸಿದ ಮೇಲೆ ಬುಧುವಿನ ಅಣ್ಣ ಮಂಗರಾ ಒಡಿಶಾದಿಂದ ಬಂದ. ಸುಕ್ರನ ಕಡೆ ಯಾರೂ ಉಳಿದಿರಲಿಲ್ಲ, ಅವನ ಮೂಳೆಗಳನ್ನೂ ತಾನೇ ಒಯ್ಯುತ್ತೇನೆಂದ. ಪರೀಕ್ಷೆಗಳೆಲ್ಲ ಮುಗಿದು ಮೂಳೆ ಕೈಗೆ ಸಿಗಲು ಮೂರು ತಿಂಗಳು ಹಿಡಿಯಿತು. ಅದಕ್ಕಾಗಿ ಅವನು ಇನ್ನೊಮ್ಮೆ ಬರಬೇಕಾಯಿತು. ಕಡೂರು ರೈಲು ನಿಲ್ದಾಣದಲ್ಲಿ ಅವನು ಹರಕು ಹಿಂದಿಯಲ್ಲಿ ತನುಜಾಳಿಗೆ ಏನೋ ಕೇಳಿದ. ತನುಜಾ ತಡವರಿಸಿದಳು.

"ಏನಂತೆ ಹೇಳೇ."

"ತಮ್ಮ ಕೂಡಲೇ ಸತ್ನಾ ಅಂತ ಕೇಳ್ತಿದಾನೆ ಅಕ್ಕ. ಹೌದು ಅಂದ್ಬಿಡ್ಲಾ?"

ತೀರ್ಥಮ್ಮ ಮಂಗರಾನ ಮುಖ ನೋಡಿದಳು. ಹೌದು ಎಂದರೆ ಅವನು ನೆಮ್ಮದಿಯಾಗಿ ರೈಲು ಹತ್ತುತ್ತಾನೆ. ಆದರೆ ಸತ್ತವರ ವಿಷಯದಲ್ಲಿ ಇನ್ನೊಂದು ಸುಳ್ಳು ಹೇಳಲು ಅವಳ ನಾಲಿಗೆ ಏಳಲಿಲ್ಲ.

"ಇಲ್ಲ ಅನ್ನು. ಕೈ ಆಡ್ತಿತ್ತು ಅನ್ನು. ನಾನು ಕೂಗಿದೆ, ತೆಗೆಸೋಕೆ ಆಗ್ಲಿಲ್ಲ ಅನ್ನು."

ತನುಜಾ ಹೇಳಿದಳು. ಮಂಗರಾ ಎರಡೂ ಮುಷ್ಟಿಯಿಂದ ತನ್ನ ಎದೆಯನ್ನು ಗುದ್ದಿಕೊಂಡ, ಮತ್ತೆ ಮತ್ತೆ ಗುದ್ದಿಕೊಂಡ. ತೀರ್ಥಮ್ಮ ತಡೆಯಲಿಲ್ಲ. ಮೂಳೆ ಕಟ್ಟಿದ ಎರಡು ಬಟ್ಟೆಗಂಟುಗಳಿಗೆ ಬಿಸಿಲು ತಾಗದಂತೆ ತನ್ನ ಸೆರಗು ಅಡ್ಡ ಹಿಡಿದು ನಿಂತಳು. ರೈಲು ಬಂದಾಗ ಅವನು ಅವಳ ಕಾಲು ಮುಟ್ಟಲಿಲ್ಲ, ಕೈ ಮುಗಿಯಲೂ ಇಲ್ಲ. ಒಂದು ಗಂಟನ್ನು ಅವಳ ಕೈಗೆ ಕೊಟ್ಟು ತಾನು ಬೋಗಿ ಹತ್ತಿ, ಮೇಲಿನಿಂದ ಕೈ ಚಾಚಿ ಅದನ್ನು ಅವಳಿಂದ ತೆಗೆದುಕೊಂಡ.

ಹೊನ್ನೇಶ ಈಗ ಜೈಲಿನಲ್ಲಿದ್ದಾನೆ. ಕ್ವಾರಿಯ ಮಾಲೀಕ ಜಾಮೀನಿನ ಮೇಲೆ ಹೊರಗಿದ್ದಾನೆ. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೂ ಮೂಳೆ ಮುರಿದದ್ದಕ್ಕೂ ತೀರ್ಥಮ್ಮ ಕೋರ್ಟಿಗೆ ಅಲೆಯುತ್ತಾಳೆ. ಎಷ್ಟು ವರ್ಷ ಎಂದು ವಕೀಲರಿಗೂ ಗೊತ್ತಿಲ್ಲ.

ಮಂಗರಾನನ್ನು ರೈಲು ಹತ್ತಿಸಿದ ಆ ದಿನ ಕಡೂರಿನಿಂದ ಹಿಂದಿರುಗುವಾಗ ಬಸ್ಸಿನಲ್ಲಿ ಸ್ಫೂರ್ತಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು: "ಅಮ್ಮ, ಅಪ್ಪಂಗೆ ಊಟಕ್ಕೆ ಏನಿಷ್ಟ ಇತ್ತು?"

ತೀರ್ಥಮ್ಮ ಹುರುಳಿ ಬಸ್ಸಾರಿನಿಂದ ಶುರು ಮಾಡಿದಳು. ಅವನು ಮುದ್ದೆಯನ್ನು ಬಿಸಿಯಿದ್ದಾಗಲೇ ನುಂಗಿ ಬಾಯಿ ಸುಟ್ಟುಕೊಳ್ಳುತ್ತಿದ್ದುದನ್ನು ಹೇಳಿದಳು, ಮಗಳು ಹುಟ್ಟಿದಾಗ ಎತ್ತಿಕೊಳ್ಳಲು ಹೆದರಿ ಬಾಗಿಲ ಹೊರಗೇ ನಿಂತಿದ್ದುದನ್ನು ಹೇಳಿದಳು. ಹಿರೇನಲ್ಲೂರು ಬಂತೆಂದು ಕಂಡಕ್ಟರು ಎರಡು ಸಲ ಕೂಗಿದ. ಇಬ್ಬರಿಗೂ ಕೇಳಿಸಲಿಲ್ಲ. ಮುಂದಿನ ಊರಿನಲ್ಲಿ ಇಳಿದು, ಹೊಲದ ದಾರಿ ಹಿಡಿದು ನಡೆದೇ ಬಂದರು.